ಮೇಲಿನ ನೀರು

ಟಿಕೆಟ್ ಕಟ್ಟೆಯಲ್ಲಿ ಎಲಿಕ್‌ಪ್ಲಿಮ್
ರಸೀದಿ ಪುಸ್ತಕ ತೆರೆದು ಕೂತಿದ್ದ.
"ಯಾತಕ್ಕೆ ದುಡ್ಡು?" ಅಂದಳು ಅಜ್ಜಿ.
"ಜಲಪಾತ ನೋಡೋದಕ್ಕೆ, ಮಾಮಾ."
"ಐವತ್ತು ವರ್ಷದಿಂದ ನನ್ನ ಬಾಗಿಲ ಮುಂದೆ ಹಾದುಹೋಗ್ತಿದೆ ಅದು.
ಒಂದು ದಿನವಾದರೂ ಸುಂಕ ಕೇಳಿದೀನಾ?"

ಅವನು ನನ್ನ ಮುಖ ನೋಡಿದ.
ನಾನು ಕೊರಳ ಬಿಲ್ಲೆ ನೇರಮಾಡಿಕೊಂಡೆ:
ಮಾರ್ಗದರ್ಶಿ, ಸಂಖ್ಯೆ ಏಳು.
ಊರಿನವರಿಗೆ ಅರ್ಧ ದರ, ಎಂದ.
ಅವಳು ಅರ್ಧದಲ್ಲಿ ಅರ್ಧ ಎಣಿಸಿ ಕೊಟ್ಟು
ಉಳಿದ ಸೇಡಿಗೆ ಎರಡು ಸುಟ್ಟ ಬಾಳೆಕಾಯಿ ಇಟ್ಟಳು.
ಗಂಟಿನಲ್ಲಿ ಇನ್ನೂ ಏನೋ ಇತ್ತು, ತೋರಿಸಲಿಲ್ಲ.

ಈ ಕಾಡಿನಲ್ಲಿ ಹೊಳೆಯನ್ನು ಒಂಬತ್ತು ಸಲ ದಾಟಬೇಕು.
ಒಂದೊಂದು ಸೇತುವೆಗೂ ನನ್ನದೊಂದು ಬಾಯಿಪಾಠ:
ಇದು ಓಡಂ ಮರ, ಗೆದ್ದಲು ಮುಟ್ಟದು.
ಇದು ಕೋಕೋ, ಕಾಯಿ ಕಾಂಡಕ್ಕೇ ಅಂಟಿ ಬಿಡುತ್ತದೆ.
ಜರ್ಮನಿಯವರು ಬರೆದುಕೊಳ್ಳುತ್ತಾರೆ,
ಅಕ್ರಾದ ಶಾಲೆಮಕ್ಕಳು ಆಕಳಿಸುತ್ತಾರೆ.
ಅಜ್ಜಿ ಮೂರನೆಯದರ ಮೇಲೆ ನಿಂತು,
"ಸುಮ್ನಿರು ಸಿಟ್ಸೊಫೆ, ಕೇಳಿಸ್ತಿಲ್ಲ."
"ಏನು?"
"ಅದು."

ಆಮೇಲೆ ಅವಳೇ ಹೇಳುತ್ತ ನಡೆದಳು:
ಇಲ್ಲಿ ಇದಕ್ಕೆ ಅವಸರ.
ಇಲ್ಲಿ ಯಾರ ಜೊತೆಗೋ ಜಗಳ.
ನಮ್ಮ ಕಲ್ಲಿನ ಹತ್ತಿರ ಬರೋ ಹೊತ್ತಿಗೆ
ಸುಸ್ತಾಗಿರುತ್ತೆ ಪಾಪ, ಮಾತು ಕಡಿಮೆ.

"ಇಷ್ಟು ದಿನ ಯಾಕೆ ಬರಲಿಲ್ಲ?"
"ಹೋಗೋಣ ಅಂದಿದ್ದ ನಿನ್ನ ತಾತ, ಮದುವೆಯ ವರ್ಷ.
ಆಮೇಲೆ ಮರಗೆಣಸು ನೆಡೋದಿತ್ತು. ಆಮೇಲೆ ನಿಮ್ಮಪ್ಪ.
ಆಮೇಲೆ ಬಟ್ಟೆ."
ಯುದ್ಧ ಕಂಡವರು ಯುದ್ಧ ಎನ್ನುವ ಹಾಗೆ
ಬಟ್ಟೆ ಅಂದಳು.

ಒಂಬತ್ತು ಮುಗಿದ ಮೇಲೆ ಮರಗಳು ಪಕ್ಕಕ್ಕೆ ಸರಿದವು.
ಇಲ್ಲಿ ನಾನು ದಿನವೂ ಬಾಯಿ ಮುಚ್ಚುತ್ತೇನೆ,
ತೆರೆದರೂ ಯಾರಿಗೂ ಕೇಳದು.
ಗಾಳಿ ನೀರನ್ನು ಹುಡಿಮಾಡಿ ಮುಖಕ್ಕೆ ಎರಚಿತು.
ತುಂಬ ಹೊತ್ತು ನೋಡಿದರೆ ನೀರು ಬೀಳುವುದು ನಿಂತು
ಬಂಡೆಯೇ ಮೇಲೇರತೊಡಗುತ್ತದೆ;
ಅದನ್ನು ಹೇಳಬೇಕೆಂದು ತಿರುಗಿದರೆ
ಅಜ್ಜಿ ಬಾವಲಿಗಳನ್ನು ನೋಡುತ್ತಿದ್ದಳು,
ಬಂಡೆಯ ಉದ್ದಕ್ಕೂ ಸಾವಿರ ಸಾವಿರ, ತಲೆಕೆಳಗು.
ನನ್ನ ಕಿವಿಗೆ ಬಾಯಿಟ್ಟು ಕೂಗಿದಳು:
"ಯಾರೋ ಕರೀ ಬಟ್ಟೆ ಒಣಹಾಕಿ ಮರೆತಿದಾರೆ!"

ಗಂಟು ಬಿಚ್ಚಿದಳು ಆಗ.
ಒಂದು ಚಪ್ಪಲಿ. ಎಡಗಾಲಿನದು,
ಆರೇಳು ವರ್ಷದ ಮಗುವಿನದು, ಹಳದಿ,
ಪಟ್ಟಿಯ ಮೇಲೆ ಅರ್ಧ ಅಳಿಸಿದ ಮೀನು.
ಹನ್ನೊಂದು ಮಳೆಗಾಲದ ಹಿಂದೆ ತೇಲಿ ಬಂದದ್ದಂತೆ.
"ಯಾರಾದರೂ ಹುಡುಕಿಕೊಂಡು ಬರ್ತಾರೆ ಅಂತ ಕಾದೆ.
ಬರಲಿಲ್ಲ. ನಾನೇ ತಂದೆ."

ಆ ಕಾಲು ಈಗ ಎಷ್ಟು ದೊಡ್ಡದೋ.
ಅಥವಾ, ಎಂದುಕೊಂಡು ಅಲ್ಲಿಗೇ ನಿಲ್ಲಿಸಿದೆ.
ನಮ್ಮ ಇಲಾಖೆಯ ಹಲಗೆ ಅಲ್ಲೇ ನಿಂತಿತ್ತು:
ಕಾಡಿನಲ್ಲಿ ಏನನ್ನೂ ಬಿಟ್ಟು ಹೋಗಬಾರದು.
ದಿನಕ್ಕೆ ನಾಲ್ಕು ಸಲ ಅದನ್ನು ಓದಿ ಹೇಳುವವರು ನಾವೇ.
ಅಜ್ಜಿಗೆ ಓದು ಬಾರದು.
ಮಡುವಿನ ಅಂಚಿನ ಚಪ್ಪಟೆ ಕಲ್ಲಿನ ಮೇಲೆ
ಹಿಮ್ಮಡಿ ನೀರಿಗೆ, ಬೆರಳು ದಾರಿಗೆ ಬರುವಂತೆ ಇಟ್ಟಳು,
ಬಂದವರು ತಟ್ಟನೆ ಕಾಲು ತೂರಿಸಲು ಅನುವಾಗಲೆಂದು.
ನಾನು ಬಿಲ್ಲೆಯನ್ನು ಅಂಗಿಯೊಳಗೆ ಹಾಕಿಕೊಂಡೆ.

ರಾತ್ರಿ ಮೇಲೆಲ್ಲೋ ಮಳೆಯಾಯಿತು.

ಬೆಳಿಗ್ಗೆ ಹೋದರೆ ಅಜ್ಜಿ ಕಲ್ಲಿನ ಬಳಿ
ಸೀರು ನೊರೆಯ ನಡುವೆ ಸೊಂಟ ಬಗ್ಗಿಸಿದ್ದಳು.
"ಬಂತು," ಅಂದಳು, ತಪ್ಪು ನನ್ನದೇ ಎನ್ನುವ ಹಾಗೆ.
"ಅರ್ಧ ಟಿಕೆಟ್ಟಿಗೆ ಇನ್ನೇನಾಗುತ್ತೆ."
ಒಗೆದ ಅಂಗಿಗಳ ಪಕ್ಕದಲ್ಲಿ
ಚಪ್ಪಲಿ ಬಿಸಿಲಿಗೆ ಒಣಗುತ್ತಿತ್ತು.