ಇಪ್ಪತ್ತಮೂರನೆಯ ನಿಮಿಷ

ಹೊಸ ಯಂತ್ರಕ್ಕೆ ಮೌನ ಕಂಡರಾಗದು.
ಹಿಂಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು,
ಒಮ್ಮೆಯೂ ಲೊಚಗುಟ್ಟದೆ,
ನಾನು ಆಡಿದ್ದನ್ನೆಲ್ಲ ನುಂಗುತ್ತದೆ; ರಾತ್ರಿ
ಆಡದೆ ಬಿಟ್ಟದ್ದನ್ನೆಲ್ಲ ಕತ್ತರಿಸಿ ಎಸೆದು
ಐವತ್ತು ನಿಮಿಷವನ್ನು ಮೂವತ್ತೊಂಬತ್ತಕ್ಕಿಳಿಸಿ
ಹುಡುಗರ ಫೋನುಗಳಿಗೆ ಬಡಿಸುತ್ತದೆ.

ಹನ್ನೊಂದು ನಿಮಿಷ!
ಪ್ರಶ್ನೆ ಕೇಳಿ, ಕಿಟಕಿಯಾಚೆ ರಿಯೋನಿ ನದಿಯ
ಬಿಳಿಗಲ್ಲುಗಳನ್ನು ನೋಡುತ್ತ ನಾನು ಕಾದದ್ದು,
ಗುರಾಮ್ ಗಂಟಲು ಸರಿಮಾಡಿಕೊಂಡು
ಮತ್ತೆ ಸುಮ್ಮನಾದದ್ದು,
ಮೂರನೆಯ ಸಾಲಿನಲ್ಲಿ ಯಾರದೋ ಪೆನ್ನು
ಉರುಳಿ ಉರುಳಿ ಕೊನೆಗೂ ಬಿದ್ದದ್ದು.
ಪಾಠವೆಂದರೆ ಅದೇ ಎಂದುಕೊಂಡಿದ್ದೆ
ಇಪ್ಪತ್ತಾರು ವರ್ಷ.

ತೆಕ್ಲೆ ನಸುಕಿನಲ್ಲಿ ರೊಟ್ಟಿಯಂಗಡಿಗೆ ಹೋಗುವವಳು,
ಮಣ್ಣೊಲೆಯ ಬಾಯಿಗೆ ಸೊಂಟದ ತನಕ ಬಗ್ಗಿ
ಗೋಡೆಗೆ ಹಿಟ್ಟು ಬಡಿಯುವವಳು.
ಬೆಂಕಿ ಹದಕ್ಕೆ ಬರುವ ತನಕ
ಮೈದಾ ಚೀಲಕ್ಕೆ ಫೋನು ಒರಗಿಸಿ
ನನ್ನನ್ನು ಒಂದೂವರೆ ಪಟ್ಟು ಓಡಿಸುತ್ತಾಳಂತೆ.
"ಅದರಲ್ಲಿ ನೀವು ಎಷ್ಟು ಚುರುಕು, ಲೆಕ್ತೋರೊ!
ಇಲ್ಲಿ ಯಾಕೆ ಹೀಗೆ ನಿಂತುಬಿಡುತ್ತೀರಿ?"
ನಕ್ಕೆ. ಬೇರೇನು ಮಾಡಲಿ.
ಅವಳ ಹಣೆಗೂದಲಲ್ಲಿ ಹಿಟ್ಟು,
ನನ್ನ ತೋಳಿನಲ್ಲಿ ಸೀಮೆಸುಣ್ಣ,
ಇಬ್ಬರದೂ ಬಿಳಿ ಧೂಳಿನ ಕಸುಬು.

ಶುಕ್ರವಾರ ಕಂಪ್ಯೂಟರ್ ಕೋಣೆಯ ಬಾದ್ರಿ
ಕರೆದು ಕೂರಿಸಿ ಒಂದು ನಕ್ಷೆ ತೋರಿಸಿದ.
"ಇಲ್ಲಿ ಎಲ್ಲರೂ ಜಾರಿಕೊಳ್ಳುತ್ತಾರೆ, ನೋಡಿ,
ಇಲ್ಲಿ ನಿಮ್ಮ ನಾಯಿಯ ಕತೆ, ಯಾರೂ ಕೇಳುವುದಿಲ್ಲ.
ಆದರೆ ಇದು!"
ಇಪ್ಪತ್ತಮೂರನೆಯ ನಿಮಿಷದಲ್ಲಿ ಚೂಪಾದ ಒಂದು ಗುಡ್ಡ.
ಒಬ್ಬರೇ, ಒಂದೇ ರಾತ್ರಿ,
ಹತ್ತೊಂಬತ್ತು ಸಲ ಹಿಂದಕ್ಕೆಳೆದು ನೋಡಿದ್ದಾರೆ.
ಹೆಸರು ಹೇಳುವಂತಿಲ್ಲ, ನಿಯಮ.
"ಅಷ್ಟು ಚೆನ್ನಾಗಿ ಹೇಳಿದ್ದೀರಿ" ಎಂದು
ಕೈ ಕುಲುಕಿ ಕಳಿಸಿದ.

ಮನೆಗೆ ಬಂದವಳು ಉಬ್ಬಿಕೊಂಡೇ ಕೂತು ನೋಡಿದೆ.
ಚಹಾ ಆರಿತು.

ನೀರು ಕೊಳವೆಯ ಮೈಗೆ ಉಜ್ಜಿಕೊಂಡು ಹರಿಯುತ್ತ
ಇಷ್ಟಿಷ್ಟೇ ಬಲ ಕಳೆದುಕೊಳ್ಳುತ್ತದೆ.
ಕಳೆದದ್ದನ್ನು ಕಳೆಯಬೇಕು.
ನಾನು ಕೂಡಿಬಿಟ್ಟಿದ್ದೆ.
ಅಡ್ಡಗೆರೆಯ ಮೇಲೊಂದು ಉದ್ದಗೆರೆ,
ಎಷ್ಟು ದಿಟ್ಟವಾಗಿ ಎಳೆದಿದ್ದೇನೆ ಮಹರಾಯಿತಿ!

ಹತ್ತೊಂಬತ್ತು ಸಲ ಯಾರೋ
ತಮ್ಮ ತಲೆಯನ್ನೇ ದೂರಿಕೊಂಡಿದ್ದಾರೆ,
ನನ್ನ ಬೆನ್ನನ್ನು ನಂಬಿ.
ಎದುರಿಗಿದ್ದಿದ್ದರೆ ಹುಬ್ಬು ಗಂಟಿಕ್ಕಿದ್ದು ಕಾಣುತ್ತಿತ್ತು.
ಎದುರಿಗೇ ಇದ್ದರಲ್ಲ. ಕಂಡಿತೆ?
ನಾನಾಗ ನದಿ ನೋಡುತ್ತಿದ್ದೆ.
ಯಂತ್ರವನ್ನು ಬೈಯಲು ತೆರೆದ ಬಾಯಿ
ಹಾಗೇ ಇತ್ತು ಸ್ವಲ್ಪ ಹೊತ್ತು.
ಒದ್ದೆ ಬಟ್ಟೆಯಲ್ಲಿ ಒರೆಸಿಹೋದ ಇಪ್ಪತ್ತಾರು ವರ್ಷದಲ್ಲಿ
ಇಂಥವೆಷ್ಟೋ, ಯಾವ ನಕ್ಷೆಯಲ್ಲೂ ಗುಡ್ಡವೇಳದೆ.
ಯಾವ ಊರಿನ ಮೂರನೆಯ ಮಹಡಿಗೆ
ನನ್ನ ದೆಸೆಯಿಂದ ಇನ್ನೂ ನೀರೇರುತ್ತಿಲ್ಲವೋ.

ಸೋಮವಾರ ಬೆಳಿಗ್ಗೆ ಹೇಳಿದೆ:
ತಪ್ಪು ನನ್ನದು. ಅಲ್ಲಿ ಕಳೆಯಬೇಕಿತ್ತು.
ನಲವತ್ತೆರಡು ಮುಖ. ಯಾರಾದರೊಬ್ಬರ ಹೆಗಲು
ಒಂದಿಂಚು ಇಳಿದೀತೆಂದು ಹುಡುಕಿದೆ.
ಗುರಾಮ್ ಗೀಟು ಹೊಡೆದು ಬರೆದುಕೊಂಡ.
ತೆಕ್ಲೆ ತೋಳಿಗೆ ಕೆನ್ನೆಯೊತ್ತಿ ನಿದ್ದೆ ಹೋಗಿದ್ದಳು.
ಕಿಟಕಿಗೆ ಬೆನ್ನು ಮಾಡಿ ನಿಂತು
ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದೆ, ಕಾದೆ.

ಕಾಯುವಾಗ, ಗೋಡೆಯ ಮೇಲಿನದಕ್ಕೆ
ಇದು ಮೌನವೆಂದು ಗೊತ್ತಾಗಬಾರದೆಂದು,
ಸೀಮೆಸುಣ್ಣದ ತುದಿಯಿಂದ ಹಲಗೆಗೆ
ಮೆಲ್ಲಗೆ
ಟಕ್, ಟಕ್, ಟಕ್.