ಗೇಣಗಲ ಸೋರಲಿ

ನಾ ಗಜೇಂದ್ರಗಡದ ಗೌಂಡಿ. ನಾ ಕಟ್ಟಿದ ಟಾಕಿ
ಒಂದೂ ಸೋರಿದ್ದಿಲ್ಲ, ಮಡಗಾಂವದಾಗ ಯಾರನ್ನರ ಕೇಳ್ರಿ.
ಖೋತಿಗಾಂವದ ಹಳ್ಳಕ್ಕ ಬಂಧಾರ ಹಾಕಿದ್ದೂ ಹಂಗ:
ತುಟಿಯಿಂದ ನೀರು ಹಾರಿ ಬೀಳತಿತ್ತು,
ಗ್ವಾಡಿ ಮೈ ಒಣಾ ಒಣಾ.

ಸುಲಕ್ಷಾ ವೇಳಿಪ ಬಂದ್ಲು. ಕೈಯಾಗ ಉಪ್ಪಿನಕಾಯಿ ಭರಣಿ,
ಗಾಜಿನೊಳಗ ಬೆರಳಿನಷ್ಟೂ ಇಲ್ಲದ ಮೀನು
ಹೊಟ್ಟಿ ಹಚ್ಚಿ ಹಲ್ಲಿಯಂಗ ಕುಂತಿತ್ತು.

ಇಲ್ಲೇ ಕಲ್ಲಿನಡಿ ಹುಟ್ಟತೈತಂತ.
ಈಜು ಕಲಿಯೂ ಮೊದಲ ಹಳ್ಳ ಅದನ್ನ
ತಳಪಣದ ಬಾಯಿಗೆ ಒಯ್ದು ಕಡಲಿಗೆ ಉಗುಳತೈತಂತ.
ಉಪ್ಪುಂಡು ಒಂದೀಟು ಬೆಳದು
ಸಿಹಿನೀರಿನ ವಾಸನಿ ಹಿಡಕೊಂಡು ತಿರುಗಿ ಬರತೈತಂತ.
ಯಾವ ಹಳ್ಳ ಅಂತ ಕೇಳೂದಿಲ್ಲ, ಹರಿಯೂದಾದ್ರ ಸಾಕು.
ಕಲ್ಲಿಗೆ ಬಾಯಿ ಕಚ್ಚಿ, ಹೊಟ್ಟಿ ಎಳಕೊಂಡು,
ಬಾಯಿ, ಹೊಟ್ಟಿ, ಬಾಯಿ, ಹೊಟ್ಟಿ,
ಅಬ್ಬಿನೂ ಏರತೈತಂತ.
ಕಲ್ಲು ಹಸಿ ಇರಬೇಕು, ಅಷ್ಟ.

ಬುಡಕ್ಕ ಕರಕೊಂಡು ಹೋಗಿ ತೋರಿಸಿದ್ಲು.
ನನ್ನ ಒಣಗ್ವಾಡಿಗೆ ಬಾಯಿ ಹಚ್ಚಿ ಹಚ್ಚಿ
ಉದುರತಿದ್ವು ನೂರಾರು.
ಪಂಗ್ತಿಗೆ ಕುಂತಂಗ ಕೊಕ್ಕರೆ ಸಾಲು.
"ಒಂದು ಗೇಣು ಸೋರಿಸು," ಅಂದ್ಲು.

ರಾತ್ರಿ ಶೆಡ್ಡಿನಾಗ ನಿದ್ದಿ ಹತ್ತಲಿಲ್ಲ.
ಸೋರಿಸೂದು ಯಾವ ಉಸ್ತಾದನೂ ಕಲಿಸಿಲ್ಲ ನನಗ.

ಮುಂಜಾನೆ ಉಳಿ ತಗೊಂಡೆ. ತುಟಿ ಒಡದೆ,
ಇಳಿಜಾರ ಮಾಡಿದೆ, ಹಳ್ಳದ ಹರಳು ಸಿಮಿಟಿನಾಗ ಒತ್ತಿದೆ.
ನೀರು ಗ್ವಾಡಿ ಹಿಡಕೊಂಡು ಇಳೀತು.

ಗುತ್ತಿಗೆದಾರ ಬಂದವನ ಪಗಾರದಾಗ ಮುನ್ನೂರು ಮುರಿದ.
ನಾ ಎಣಸತಿದ್ದದ್ದು ಬ್ಯಾರೆ:
ಹನ್ನೊಂದು ದಾಟಿದ್ವು.
ಹನ್ನೆರಡನೇದು
ಅರ್ಧದಾಗ ನಿಂತು ದಮ್ಮು ತಗೋತಿತ್ತು.