ಹಾಸಿಗೆ ಇದ್ದಷ್ಟು

ಡುಲೂತ್‌ನ ಆಸ್ಪತ್ರೆ, ಆರನೇ ಮಹಡಿ.
ಕಿಟಕಿಯಾಚೆ ಸುಪೀರಿಯರ್ ಸರೋವರ
ಅರ್ಧ ಹೆಪ್ಪುಗಟ್ಟಿ, ಅರ್ಧ ಹೊಗೆಯಾಡುತ್ತ.
ಐಲಿ ಕೊಸ್ಕೆಲಾ ಮಡಿಲ ಮೇಲೆ ಲ್ಯಾಪ್‌ಟಾಪ್ ತೆರೆದು
ನಾಳೆ ಒಪ್ಪಿಸಬೇಕಾದ ನಕ್ಷೆಗೆ ಚುಕ್ಕಿ ಇಡುತ್ತಿದ್ದಾಳೆ,
ದೇಶಕ್ಕೊಂದು.
ಅಡ್ಡಕ್ಕೆ ತಲಾ ಆದಾಯ, ನೆಟ್ಟಗೆ ಮದ್ದಿನ ಖರ್ಚು.

ಎತ್ತರದ ಪ್ರಕಾರ ನಿಂತ ಶಾಲೆಮಕ್ಕಳ ಹಾಗೆ
ಚುಕ್ಕಿಗಳು ಸಾಲಾಗಿ ಮೇಲೇರುತ್ತವೆ;
ಅವಳ ದೇಶವೊಂದೇ ಬೆಂಚು ಹತ್ತಿ ನಿಂತಿದೆ.

'ಮುದುಕರು ಜಾಸ್ತಿಯಾದರು, ಅದಕ್ಕೇ'
ಎನ್ನುತ್ತಾನೆ ಕಚೇರಿಯ ಗ್ರೆಂಡಾಲ್, ವರ್ಷಕ್ಕೆರಡು ಸಲ.
ಹಾಗಿದ್ದರೆ ಜಪಾನಿನ ಚುಕ್ಕಿ
ಹಾಳೆ ಹರಿದು ಆಚೆ ಹೋಗಬೇಕಿತ್ತಲ್ಲ,
ಎನ್ನುತ್ತಾಳೆ ಇವಳು, ವರ್ಷಕ್ಕೆರಡು ಸಲ.

ಪಕ್ಕದಲ್ಲಿ ಅಪ್ಪ, ಉರ್ಹೊ, ಎಂಬತ್ತೇಳು.
ಧಕ್ಕೆಯಲ್ಲಿ ಅದಿರಿನ ವ್ಯಾಗನ್ನು ಎಣಿಸಿ ಎಣಿಸಿ
ಹಡಗು ತುಂಬಿಸಿದವನು.
ಸೊಂಟದ ಕೀಲು ಹೊಸದು,
ಹೋದ ವರ್ಷದ ಹೃದಯದ ಕವಾಟ ಹೊಸದು.
ಗುಂಡಿ ಒತ್ತಿದರೆ ಹಾಸಿಗೆ ಉದ್ದವಾಗುತ್ತದೆ.

ಫಿನ್ಲೆಂಡಿನಿಂದ ಫೋನು, ಸೋದರತ್ತೆಯ ಮಗ ಯಾರ್ಮೊ:
'ನಮ್ಮಪ್ಪನಿಗೂ ಇದೇ ಕೀಲು ಕಣೇ, ಇದೇ ಕಂಪನಿ.
ಐದು ತಿಂಗಳು ಕಾದೆವು, ಸರ್ಕಾರಕ್ಕೆ ಬೈದುಕೊಂಡು.
ಬಿಲ್ಲೇ? ಒಂದು ಹಾಳೆ ಬಂತು,
ಎಲ್ಲಿಟ್ಟೆನೋ ಮರೆತೆ.'
ಇಲ್ಲಿಯದು ಹನ್ನೊಂದು ಹಾಳೆ.
ಏಳನೆಯದರಲ್ಲಿ, ಜಾರದಂಥ ಸಾಕ್ಸು, ಒಂದು ಜೊತೆ,
ಅದಕ್ಕೂ ಒಂದು ಸಂಕೇತಸಂಖ್ಯೆ,
ಅದಕ್ಕೂ ಒಂದು ಬೆಲೆ; ಆ ಬೆಲೆಗೆ
ಪೇಟೆಯಲ್ಲಿ ಬೂಟು ಬರುತ್ತಿತ್ತು.

ಸಂಜೆ ಡಾಕ್ಟರು ಬಂದಳು, ಚಿಕ್ಕ ವಯಸ್ಸಿನವಳು,
ನಿದ್ದೆಗೆಟ್ಟ ಕಣ್ಣು, ಒಳ್ಳೆಯ ಮಾತು:
'ಇನ್ನೊಂದು ಸ್ಕ್ಯಾನ್ ಮಾಡಿಬಿಟ್ಟರೆ
ನಮಗೂ ನಿಮಗೂ ಸಮಾಧಾನ...'

ವರದಿಯ ನಲವತ್ತನೇ ಪುಟ ಐಲಿಯದೇ ಬರಹ:
ಉಳ್ಳವರು ಮೊದಲು ಮನೆ ಕೊಳ್ಳುತ್ತಾರೆ, ಆಮೇಲೆ ಕಾರು,
ಆಮೇಲೆ ಕೊಳ್ಳಲಿಕ್ಕೆ ಉಳಿಯುವುದು ದಿನಗಳು ಮಾತ್ರ;
ಕಡೆಕಡೆಯ ದಿನಗಳು ತೀರಾ ದುಬಾರಿ,
ತೀರಾ ಗಿಡ್ಡ.
ಅಡಿಟಿಪ್ಪಣಿಯನ್ನೂ ಅವಳೇ ಬರೆದದ್ದು.

'ಮಾಡಿ' ಅಂದಳು,
ಪ್ರಶ್ನೆ ಮುಗಿಯುವ ಮೊದಲೇ.

ಅಪ್ಪ ಕಣ್ಣು ಬಿಟ್ಟ. 'ಎಷ್ಟಂತೆ?'
'ಏನಿಲ್ಲ ಮಲಗು, ವಿಮೆ ಇದೆಯಲ್ಲ.'
ವ್ಯಾಗನ್ನು ಎಣಿಸಿದವನು ನಂಬಲಿಲ್ಲ. 'ಯಾರ ದುಡ್ಡು ಅದು?'
ಉತ್ತರ ಮೂವತ್ತೆರಡನೇ ಪುಟದಲ್ಲಿತ್ತು:
ನಿನ್ನದೇ ಅಪ್ಪಾ, ನನ್ನದೇ,
ಬಾರದ ಸಂಬಳದ ಹೆಚ್ಚಳದ ರೂಪದಲ್ಲಿ.
ಹೇಳಲಿಲ್ಲ.

ರಾತ್ರಿ ಮತ್ತೆ ನಕ್ಷೆ ತೆರೆದಳು.
ಬೆಂಚು ಹತ್ತಿದ ಆ ಚುಕ್ಕಿಯನ್ನು ದೊಡ್ಡದು ಮಾಡಿದಳು,
ಇನ್ನೂ ದೊಡ್ಡದು, ಪರದೆ ತುಂಬುವಷ್ಟು.
ನೀಲಿ ಬಣ್ಣ, ಅಷ್ಟೆ.

ಅಪ್ಪನ ಹೊದಿಕೆ ಸರಿದಿತ್ತು.
ಎಳೆದು ಮುಚ್ಚಿದಳು, ಏಳನೇ ಹಾಳೆಯ ಸಾಕ್ಸು ತೊಟ್ಟ
ಎರಡು ಪುಟ್ಟ ಪಾದಗಳನ್ನು.
ಅವುಗಳಾಚೆಗೂ ಹಾಸಿಗೆ
ಇನ್ನೊಂದು ಮೊಳ ಉಳಿದಿತ್ತು.